ಆಂಟಿಬಯೋಟಿಕ್ ಸ್ಕಿನ್ ಟೆಸ್ಟ್: ಚರ್ಮ ಕೆರಳಿಸದ ಪ್ರಮಾಣ ಯಾವ್ದು ಅಂತ ಕಂಡುಹಿಡಿಯೋದು ಹೇಗೆ?

ನಮ್ಮ ಕಡೆ ಬಹಳಷ್ಟು ನರ್ಸಿಂಗ್ ಹೋಮ್‌ಗಳಲ್ಲಿ ಕೇಸ್ ಶೀಟ್ ತೆಗೆದು ನೋಡಿದ್ರೆ ಇಂಜೆಕ್ಷನ್ ಸೆಫ್ಟ್ರಿಯಾಕ್ಸೋನ್ 1 ಗ್ರಾಂ ಅಂತ ಬರೆದು ಪಕ್ಕದಲ್ಲಿ ಎಎಸ್‌ಟಿ ಅಂತ ಹಾಕಿರ್ತಾರೆ, ಅಂದ್ರೆ ಮೊದ್ಲು ಟೆಸ್ಟ್ ಡೋಸ್ ಕೊಟ್ಟು ನೋಡಿ, ಏನೂ ಆಗದಿದ್ರೆ ಮಾತ್ರ ಔಷಧಿ ಕೊಡಿ ಅಂತ. ಸಿಸ್ಟರ್ ವಯಲ್‌ಗೆ 10 ಎಂಎಲ್ ನೀರು ಹಾಕಿ ಕಲಸಿ, ಅದ್ರಿಂದಲೇ 0.1 ಎಂಎಲ್ ಎಳ್ಕೊಂಡು ಮುಂಗೈ ಚರ್ಮದೊಳಗೆ ಕೊಟ್ಟು, ಸುತ್ತ ಪೆನ್ನಲ್ಲಿ ಒಂದು ಗೆರೆ ಹಾಕಿ ಹೋಗ್ತಾರೆ. ಅರ್ಧ ಗಂಟೆ ಬಿಟ್ಟು ಬಂದು ನೋಡಿದಾಗ ಕೆಂಪಗೆ ಉಬ್ಬಿದ್ರೆ ಅಷ್ಟೇ, ಫೈಲ್ ಮೇಲೆ ಕೆಂಪು ಇಂಕಲ್ಲಿ ಅಲರ್ಜಿ ಅಂತ ಬೀಳುತ್ತೆ, ಆ ಹಣೆಪಟ್ಟಿ ಆ ಮನುಷ್ಯನ ಜೊತೆ ಜೀವನಪೂರ್ತಿ ಓಡಾಡುತ್ತೆ.

ಇಲ್ಲಿ ಯಾರೂ ಕೇಳದೇ ಇರೋ ಪ್ರಶ್ನೆ ಏನಂದ್ರೆ, ಆ ಸಿರಿಂಜ್‌ನಲ್ಲಿ ಇದ್ದ ಔಷಧಿ ಎಷ್ಟು ಸ್ಟ್ರಾಂಗ್ ಇತ್ತು? 1 ಗ್ರಾಂಗೆ 10 ಎಂಎಲ್ ಅಂದ್ರೆ ಎಂಎಲ್‌ಗೆ ಹತ್ತಿರ ಹತ್ತಿರ 100 ಎಂಜಿ. ಯುರೋಪಿನ ಅಲರ್ಜಿ ತಜ್ಞರು ಈಗ ಸೆಫ್ಟ್ರಿಯಾಕ್ಸೋನ್‌ಗೆ ಹೇಳೋ ಮೇಲಿನ ಮಿತಿ ಎಂಎಲ್‌ಗೆ 20 ಎಂಜಿ, ಅಮೆರಿಕದ ಪಟ್ಟಿಯಲ್ಲಿ 10 ಎಂಜಿ. ಅಂದ್ರೆ ನಾವು ಐದು ಪಟ್ಟು, ಹತ್ತು ಪಟ್ಟು ಜಾಸ್ತಿ ಇರೋದನ್ನ ಚರ್ಮದೊಳಗೆ ತುಂಬಿ ಆಮೇಲೆ ಚರ್ಮ ಯಾಕೆ ಕೆಂಪಾಯ್ತು ಅಂತ ಕೇಳ್ತಿದೀವಿ. ಖಾರದ ಪುಡಿ ಕಣ್ಣಿಗೆ ಬಿದ್ರೆ ಎಲ್ಲರಿಗೂ ಉರಿಯುತ್ತೆ, ಅದನ್ನ ಮೆಣಸಿನಕಾಯಿ ಅಲರ್ಜಿ ಅಂತ ಯಾರೂ ಹೇಳಲ್ಲ.

ಆ ಔಷಧಿಯನ್ನ ಆರಾಮಾಗಿ ತಡ್ಕೊಳ್ಳೋ ಜನರ ಚರ್ಮದ ಮೇಲೂ ಏನೂ ಆಗದೇ ಇರೋ ಅತಿ ಹೆಚ್ಚಿನ ಪ್ರಮಾಣ ಯಾವ್ದೋ ಅದೇ ನಾನ್-ಇರಿಟೆಂಟ್ ಕಾನ್ಸಂಟ್ರೇಶನ್, ಎನ್‌ಐಸಿ ಅಂತ ಚಿಕ್ಕದಾಗಿ ಹೇಳ್ತಾರೆ. ಅತಿ ಹೆಚ್ಚಿನ ಅನ್ನೋದು ಮುಖ್ಯ, ಯಾಕಂದ್ರೆ ನೀರು ನೀರಾಗಿ ಮಾಡಿದ್ರೆ ಯಾರಿಗೂ ಏನೂ ಆಗಲ್ಲ, ನಿಜವಾಗ್ಲೂ ಅಲರ್ಜಿ ಇರೋರಿಗೂ ಆಗಲ್ಲ, ಟೆಸ್ಟ್ ನೆಗೆಟಿವ್ ಅಂತ ಔಷಧಿ ಕೊಟ್ಬಿಡ್ತೀವಿ, ಆಮೇಲೆ ಅನಾಹುತ. ಇವೆರಡರ ಮಧ್ಯದ ಜಾಗ ಹುಡುಕೋ ಕೆಲಸವನ್ನ ಒಂದೊಂದೇ ಹೆಜ್ಜೆಯಾಗಿ ಬರೀತಿದೀನಿ. ಇದು ಪಿಜಿ ಮಾಡ್ತಿರೋರು, ಅಲರ್ಜಿ ಕ್ಲಿನಿಕ್ ನಡೆಸೋರು, ಆಸ್ಪತ್ರೆ ಫಾರ್ಮಸಿಯಲ್ಲಿರೋರು, ಸ್ಟಾಫ್ ನರ್ಸ್‌ಗಳಿಗೆ. ಮನೇಲಿ ಯಾರೂ ಪ್ರಯತ್ನ ಮಾಡೋದಲ್ಲ, ಚರ್ಮದೊಳಗೆ ಕೊಡೋ ಒಂದು ಹನಿಯಿಂದಲೂ ಅನಾಫಿಲಾಕ್ಸಿಸ್, ಅಂದ್ರೆ ಪ್ರಾಣಕ್ಕೇ ಅಪಾಯ ತರೋ ತೀವ್ರ ಅಲರ್ಜಿ, ಆಗಬಹುದು.

ಮೊದ್ಲು ಈಗಾಗ್ಲೇ ಗೊತ್ತಿರೋದನ್ನ ನೋಡ್ಕೊಳ್ಳಿ

ಹೊಸದಾಗಿ ಸ್ಟಡಿ ಶುರು ಮಾಡೋ ಮುಂಚೆ ಆ ಔಷಧಿಗೆ ಸಂಖ್ಯೆ ಈಗಾಗ್ಲೇ ಇದೆಯಾ ಅಂತ ನೋಡಿ. 2003ರಲ್ಲಿ ಅಮೆರಿಕದ ಡಲ್ಲಾಸ್‌ನ ತಂಡವೊಂದು 25 ಜನ ಆರೋಗ್ಯವಂತರ ಮೇಲೆ 15 ಆಂಟಿಬಯೋಟಿಕ್‌ಗಳನ್ನ ಪರೀಕ್ಷೆ ಮಾಡಿ ಪಟ್ಟಿ ಕೊಡ್ತು, ಇವತ್ತಿಗೂ ಜಗತ್ತಿನ ಬಹಳ ಕ್ಲಿನಿಕ್‌ಗಳು ಅದನ್ನೇ ಇಟ್ಕೊಂಡಿವೆ. ಅದ್ರಲ್ಲಿ ಇಂಟ್ರಾಡರ್ಮಲ್‌ಗೆ (ಚರ್ಮದೊಳಗೆ ಚುಚ್ಚಿ ಮಾಡೋ ಟೆಸ್ಟ್‌ಗೆ) ಸೆಫ್ಟ್ರಿಯಾಕ್ಸೋನ್, ಸೆಫೊಟ್ಯಾಕ್ಸಿಮ್, ಸೆಫ್ಯುರಾಕ್ಸಿಮ್, ಸೆಫ್ಟಾಜಿಡಿಮ್ ಎಲ್ಲಾ ಎಂಎಲ್‌ಗೆ 10 ಎಂಜಿ. ಸೆಫಜೋಲಿನ್ 33, ಕ್ಲಿಂಡಾಮೈಸಿನ್ 15, ಜೆಂಟಾಮೈಸಿನ್ ಮತ್ತು ಟೋಬ್ರಾಮೈಸಿನ್ 4. ಆಮೇಲೆ ಒಮ್ಮೆಲೇ ಸಂಖ್ಯೆ ಕೆಳಗೆ ಬೀಳುತ್ತೆ: ಎರಿಥ್ರೋಮೈಸಿನ್ 0.05, ಲಿವೋಫ್ಲಾಕ್ಸಾಸಿನ್ 0.025, ಅಜಿಥ್ರೋಮೈಸಿನ್ 0.01, ವ್ಯಾಂಕೋಮೈಸಿನ್ ಅಂತೂ ಬರೀ 0.005 ಎಂಜಿ. ಸೆಫಜೋಲಿನ್‌ಗೂ ವ್ಯಾಂಕೋಮೈಸಿನ್‌ಗೂ ಆರು ಸಾವಿರ ಪಟ್ಟಿಗಿಂತ ಜಾಸ್ತಿ ವ್ಯತ್ಯಾಸ! ಎಲ್ಲಾ ಆಂಟಿಬಯೋಟಿಕ್‌ಗೂ ಒಂದೇ ಥರ, ಒಂದಕ್ಕೆ ಹತ್ತು ಅಂತ ಡೈಲ್ಯೂಟ್ ಮಾಡಿ ಕೊಡೋ ಅಭ್ಯಾಸ ಎಷ್ಟು ತಪ್ಪು ಅಂತ ಇದೊಂದೇ ಸಾಲಲ್ಲಿ ಗೊತ್ತಾಗುತ್ತೆ.

ಯುರೋಪ್ ಕಡೆಯಿಂದ 2013ರಲ್ಲಿ ಬಂದ ಶಿಫಾರಸಿನಲ್ಲಿ ಬೆಂಜೈಲ್‌ಪೆನಿಸಿಲಿನ್ ಎಂಎಲ್‌ಗೆ 10,000 ಯೂನಿಟ್, ಅಮಾಕ್ಸಿಸಿಲಿನ್ ಮತ್ತು ಆಂಪಿಸಿಲಿನ್ 20 ಎಂಜಿ, ಸೆಫಲೋಸ್ಪೋರಿನ್‌ಗಳು (ಸೆಫ್ಟ್ರಿಯಾಕ್ಸೋನ್, ಸೆಫಜೋಲಿನ್ ಥರದವು) 2 ಎಂಜಿ ಅಂತಿತ್ತು. 2020ರಲ್ಲಿ ಅವರೇ ಅದನ್ನ ಬದಲಾಯಿಸಿ ಹೆಚ್ಚಿನ ಸೆಫಲೋಸ್ಪೋರಿನ್‌ಗಳಿಗೆ 20 ಎಂಜಿ ಮಾಡಿದ್ರು, ಸೆಫೆಪೈಮ್ ಮಾತ್ರ 2ರಲ್ಲೇ ಉಳೀತು. ಕಾರಣ ಸರಳ, 2 ಎಂಜಿಯಲ್ಲಿ ನಿಜವಾದ ಅಲರ್ಜಿ ಇರೋ ಕೆಲವರು ತಪ್ಪಿಸ್ಕೊಳ್ತಿದ್ರು, 20 ಎಂಜಿಯಲ್ಲೂ ಆರೋಗ್ಯವಂತರ ಚರ್ಮ ಸುಮ್ಮನೇ ಇತ್ತು. ಅಂದ್ರೆ ಈ ಸಂಖ್ಯೆಗಳು ಕಲ್ಲಲ್ಲಿ ಕೆತ್ತಿದ್ದಲ್ಲ, ಹೊಸ ಡೇಟಾ ಬಂದ ಹಾಗೆ ಬದಲಾಗ್ತವೆ, ನಮ್ಮವರೂ ಅದಕ್ಕೆ ಡೇಟಾ ಸೇರಿಸಬಹುದು, ಸೇರಿಸ್ಬೇಕು ಕೂಡ. ಪಟ್ಟಿಯಲ್ಲಿ ಇಲ್ಲದ ಔಷಧಿ, ಅಥವಾ ಪಟ್ಟಿಯಲ್ಲಿದ್ರೂ ನಿಮ್ಮಲ್ಲಿ ಸಿಗೋ ಫಾರ್ಮುಲೇಶನ್ ಬೇರೆ, ಅಥವಾ ಎರಡು ಪಟ್ಟಿಗಳು ಒಂದಕ್ಕೊಂದು ಹೊಂದ್ತಿಲ್ಲ, ಇಂಥ ಕಡೆ ನಿಮ್ಮ ಸ್ಟಡಿಗೆ ಅರ್ಥ ಇದೆ.

ಕೆಲವು ಔಷಧಿ ಯಾಕೆ ಅಷ್ಟು ಬೇಗ ಕೆರಳಿಸುತ್ತೆ

ಇದು ಗೊತ್ತಿದ್ರೆ ಎಲ್ಲಿಂದ ಶುರು ಮಾಡ್ಬೇಕು ಅನ್ನೋದು ಸುಲಭ ಆಗುತ್ತೆ. ನಿಜವಾದ ತಕ್ಷಣದ ಅಲರ್ಜಿಯಲ್ಲಿ ಆ ಔಷಧಿಗೇ ಅಂತ ತಯಾರಾದ ಐಜಿಇ ಆಂಟಿಬಾಡಿ ಮಾಸ್ಟ್ ಸೆಲ್ ಅನ್ನೋ ಜೀವಕೋಶದ ಮೇಲೆ ಕೂತಿರುತ್ತೆ, ಔಷಧಿ ಬಂದು ಅದನ್ನ ಮುಟ್ಟಿದಾಗ ಉಬ್ಬು, ತುರಿಕೆ ತರೋ ಹಿಸ್ಟಮಿನ್ ಹೊರಗೆ ಬರುತ್ತೆ. ಆದ್ರೆ ಲಿವೋಫ್ಲಾಕ್ಸಾಸಿನ್ ಥರದ ಕ್ವಿನೊಲೋನ್‌ಗಳು ಮತ್ತು ವ್ಯಾಂಕೋಮೈಸಿನ್ ಐಜಿಇ ಹಂಗೇ ಇಲ್ಲದೆ ನೇರವಾಗಿ ಮಾಸ್ಟ್ ಸೆಲ್ ಮೇಲಿನ ಎಂಆರ್‌ಜಿಪಿಆರ್‌ಎಕ್ಸ್2 ಅನ್ನೋ ರಿಸೆಪ್ಟರ್ ಮೂಲಕ ಹಿಸ್ಟಮಿನ್ ಬಿಡಿಸ್ತವೆ. ಈ ರಿಸೆಪ್ಟರ್‌ನ ಪಾತ್ರ 2015ರಲ್ಲಿ ಸ್ಪಷ್ಟವಾಗಿ ಹೊರಗೆ ಬಂತು. ವ್ಯಾಂಕೋಮೈಸಿನ್ ಬೇಗ ಬೇಗ ಡ್ರಿಪ್ ಬಿಟ್ರೆ ಮುಖ ಕತ್ತು ಎಲ್ಲಾ ಕೆಂಪಾಗಿ ತುರಿಕೆ ಬರೋದು ಇದೇ ಥರದ್ದು, ಡ್ರಿಪ್ ನಿಧಾನ ಮಾಡಿದ್ರೆ ಹೆಚ್ಚಿನವರಿಗೆ ಸರಿಹೋಗುತ್ತೆ. ಇಂಥ ಔಷಧಿಗಳನ್ನ ತುಂಬಾ ತುಂಬಾ ಡೈಲ್ಯೂಟ್ ಮಾಡಿ ಶುರು ಮಾಡಿ.

ಎರಡನೇ ಕಾರಣ ಪಿಎಚ್ ಮತ್ತು ಆಸ್ಮೊಲಾಲಿಟಿ (ದ್ರಾವಣದಲ್ಲಿ ಕರಗಿರೋ ಕಣಗಳ ಸಾಂದ್ರತೆ). ವ್ಯಾಂಕೋಮೈಸಿನ್ ದ್ರಾವಣ ಚೆನ್ನಾಗಿ ಆಸಿಡ್, ಪಿಎಚ್ 2.5ರಿಂದ 4.5, ಆಂಪಿಸಿಲಿನ್ ಸೋಡಿಯಂ 8ರಿಂದ 10, ಕೋಟ್ರೈಮಾಕ್ಸಜೋಲ್ ಇಂಜೆಕ್ಷನ್ ಸುಮಾರು 10. ಇಂಥದ್ದನ್ನ ಚರ್ಮದೊಳಗೆ ಹಾಕಿದ್ರೆ ಯಾರಿಗಾದ್ರೂ ಉರಿಯುತ್ತೆ. ಮೂರನೇದು ಔಷಧಿ ಜೊತೆ ಇರೋ ಬೇರೆ ಸಾಮಗ್ರಿ, ಕ್ಲಿಂಡಾಮೈಸಿನ್ ಇಂಜೆಕ್ಷನ್‌ನಲ್ಲಿ ಬೆಂಜೈಲ್ ಆಲ್ಕೊಹಾಲ್ ಇರುತ್ತೆ, ಜೆಂಟಾಮೈಸಿನ್‌ನಲ್ಲಿ ಪ್ಯಾರಬೆನ್, ಮೆಟಾಬೈಸಲ್ಫೈಟ್ ಥರದ್ದು ಬ್ರಾಂಡ್ ಪ್ರಕಾರ ಇರುತ್ತೆ. ಲೇಬಲ್ ಓದಿ ಎಲ್ಲಾ ಬರ್ಕೊಳ್ಳಿ.

ಎಥಿಕ್ಸ್ ಕಮಿಟಿ, ಮತ್ತೆ ಯಾರನ್ನ ಕರೀಬೇಕು

ಆರೋಗ್ಯವಂತರ ಚರ್ಮದೊಳಗೆ ಅವರಿಗೆ ಬೇಡದ ಔಷಧಿ ಹಾಕ್ತಿದೀರಿ, ಆದ್ದರಿಂದ ಸಂಸ್ಥೆಯ ಎಥಿಕ್ಸ್ ಕಮಿಟಿ ಒಪ್ಪಿಗೆ ಇಲ್ಲದೆ ಒಂದು ಸೂಜಿಯೂ ತೆಗೀಬೇಡಿ, ಮೊದಲನೇ ವ್ಯಕ್ತಿಯನ್ನ ಸೇರಿಸೋ ಮುಂಚೆಯೇ ಸಿಟಿಆರ್‌ಐನಲ್ಲಿ (ನಮ್ಮ ದೇಶದ ಕ್ಲಿನಿಕಲ್ ಟ್ರಯಲ್ ರಿಜಿಸ್ಟ್ರಿ) ರಿಜಿಸ್ಟರ್ ಮಾಡ್ಸಿ. ಒಪ್ಪಿಗೆ ಪತ್ರ ಕನ್ನಡದಲ್ಲಿ ಇರ್ಲಿ, ಅದೂ ಓದಿದ್ರೆ ಅರ್ಥ ಆಗೋ ಕನ್ನಡದಲ್ಲಿ. ಸಣ್ಣ ಪ್ರಮಾಣ ಆದ್ರೂ ಅಪರೂಪಕ್ಕೆ ತೀವ್ರ ರಿಯಾಕ್ಷನ್ ಆಗಬಹುದು, ಮುಂದೆ ಆ ಔಷಧಿಗೆ ಅಲರ್ಜಿ ಹುಟ್ಟೋ ಸಣ್ಣ ಸಾಧ್ಯತೆಯೂ ಇದೆ ಅಂತ ನೇರವಾಗಿ ಬರೀರಿ. ನಂಗೆ ತುಂಬಾ ಚಿಂತೆ ಆಗೋ ವಿಷಯ ಇನ್ನೊಂದು, ಮೆಡಿಕಲ್ ಕಾಲೇಜುಗಳಲ್ಲಿ ವಾಲಂಟಿಯರ್ ಅಂದ್ರೆ ನರ್ಸಿಂಗ್ ಸ್ಟೂಡೆಂಟ್‌ಗಳು, ಇಂಟರ್ನ್‌ಗಳು. ಮೇಡಂ ಕೇಳಿದ್ರೆ ಇಲ್ಲ ಅನ್ನೋಕೆ ಅವರಿಗೆ ಧೈರ್ಯ ಬರಲ್ಲ. ಅವರ ಇಂಟರ್ನಲ್ ಮಾರ್ಕ್ಸ್‌ಗೆ ಸಂಬಂಧ ಇಲ್ಲದ ಬೇರೆಯವರು ಹೋಗಿ ಕೇಳ್ಬೇಕು, ಆಗಲ್ಲ ಅಂದ್ರೆ ಅಲ್ಲಿಗೇ ಬಿಡ್ಬೇಕು.

ಸುಮ್ನೆ ಆರೋಗ್ಯವಂತರು ಸಿಕ್ರೆ ಸಾಲದು, ಆ ಔಷಧಿಯನ್ನೋ ಅದೇ ಗುಂಪಿನದ್ದನ್ನೋ ಹಿಂದೆ ತಗೊಂಡು ಏನೂ ಆಗದೇ ಇದ್ದೋರು ಸಿಕ್ರೆ ಬಹಳ ಒಳ್ಳೇದು, ಯಾಕಂದ್ರೆ ತಡ್ಕೊಳ್ಳೋರ ಚರ್ಮ ಏನು ಹೇಳುತ್ತೆ ಅನ್ನೋದೇ ನಮ್ಮ ಪ್ರಶ್ನೆ. ಆಂಟಿಬಯೋಟಿಕ್ ಅಲರ್ಜಿ ಇತಿಹಾಸ ಇರೋರು, ಪದೇ ಪದೇ ಪಿತ್ತಗಂಧೆ ಏಳೋರು, ಮೈತುಂಬ ಎಕ್ಸಿಮಾ ಇರೋರು, ಗರ್ಭಿಣಿಯರು, ಸರಿಯಾಗಿ ಕಂಟ್ರೋಲ್ ಇಲ್ಲದ ಅಸ್ತಮಾದವರು, ಬೀಟಾ ಬ್ಲಾಕರ್ ತಗೊಳ್ಳೋರು ಬೇಡ. ಪೆನ್ನಿನ ಹಿಂದಿನ ತುದಿಯಿಂದ ಬೆನ್ನ ಮೇಲೆ ಒಂದು ಗೆರೆ ಗೀಚಿ ಕೆಲವು ನಿಮಿಷ ಕಾಯಿರಿ, ಗೆರೆ ಉಬ್ಬಿ ಎದ್ರೆ ಅದು ಡರ್ಮೊಗ್ರಾಫಿಸಂ, ಅಂಥೋರಿಗೆ ಸಲೈನ್ ಕೊಟ್ರೂ ಉಬ್ಬುತ್ತೆ.

ಆಂಟಿಹಿಸ್ಟಮಿನ್ ಬಗ್ಗೆ ಬಿಡಿಸಿ ಬಿಡಿಸಿ ಕೇಳಿ. ಅಲರ್ಜಿ ಮಾತ್ರೆ ತಗೊಂಡಿದೀರಾ ಅಂದ್ರೆ ಇಲ್ಲ ಅಂತಾರೆ, ನೆಗಡಿಗೆ ಮೆಡಿಕಲ್ ಶಾಪಲ್ಲಿ ಏನಾದ್ರೂ ತಂದ್ರಾ ಅಂದ್ರೆ ಹೌದು ಅಂತಾರೆ, ಅದ್ರೊಳಗೆ ಸೆಟಿರಿಜಿನೋ ಕ್ಲೋರ್‌ಫೆನಿರಮೈನೋ ಇದ್ದೇ ಇರುತ್ತೆ. 5ರಿಂದ 7 ದಿನ ಬಿಟ್ಟಿರ್ಬೇಕು. ಟೆಸ್ಟ್ ಮಾಡೋ ಜಾಗದಲ್ಲಿ ಸ್ಟಿರಾಯ್ಡ್ ಕ್ರೀಮ್ ಹಚ್ಚಿರಬಾರದು, ಕೆಲವು ಖಿನ್ನತೆಯ ಮಾತ್ರೆಗಳು ಕೂಡ ಹಿಸ್ಟಮಿನ್ ತಡೀತವೆ, ಅದನ್ನ ನೀವಾಗೇ ನಿಲ್ಲಿಸ್ಬೇಡಿ, ಬರೆದು ಕೊಟ್ಟ ಡಾಕ್ಟರನ್ನ ಕೇಳದೆ ಮುಟ್ಟೋ ಹಾಗಿಲ್ಲ, ಅಂಥೋರನ್ನ ಸ್ಟಡಿಗೆ ಸೇರಿಸದೇ ಇರೋದೇ ಸರಿ.

ದ್ರಾವಣ ತಯಾರಿ: ತಪ್ಪು ಹುಟ್ಟೋದೇ ಇಲ್ಲಿ

ಚರ್ಮದೊಳಗೆ ಕೊಡೋಕೆ ಐವಿ ಇಂಜೆಕ್ಷನ್ ಮಾತ್ರ, ಮಾತ್ರೆ ಪುಡಿ ಮಾಡಿ ಕಲಸಿದ್ದು ಯಾವ ಕಾರಣಕ್ಕೂ ಬೇಡ. ಲ್ಯಾಮಿನಾರ್ ಹುಡ್ ಇದ್ರೆ ಅದ್ರಡಿ ಮಾಡಿ.

ಮೊದಲು ವಯಲ್ ಕರಗಿಸೋದು. ಪುಡಿಯೂ ಸ್ವಲ್ಪ ಜಾಗ ತಗೊಳ್ಳುತ್ತೆ ಅನ್ನೋದನ್ನ ಮರೀಬೇಡಿ: ಸೆಫ್ಟ್ರಿಯಾಕ್ಸೋನ್ 1 ಗ್ರಾಂಗೆ 9.6 ಎಂಎಲ್ ಹಾಕಿದ್ರೆ ಎಂಎಲ್‌ಗೆ 100 ಎಂಜಿ ಬರುತ್ತೆ, ಅಜಿಥ್ರೋಮೈಸಿನ್ 500 ಎಂಜಿಗೆ 4.8 ಎಂಎಲ್ ನೀರು ಹಾಕಿದ್ರೆ 100 ಎಂಜಿ, ಸೆಫಜೋಲಿನ್ 1 ಗ್ರಾಂಗೆ 2.5 ಎಂಎಲ್ ಹಾಕಿದ್ರೆ ಒಟ್ಟು ಸುಮಾರು 3 ಎಂಎಲ್ ಆಗಿ ಎಂಎಲ್‌ಗೆ 330 ಎಂಜಿ. ವ್ಯಾಂಕೋಮೈಸಿನ್ 500 ಎಂಜಿಗೆ 10 ಎಂಎಲ್ ನೀರು, 50 ಎಂಜಿ. ಪೆನಿಸಿಲಿನ್ 10 ಲಕ್ಷ ಯೂನಿಟ್ ವಯಲ್‌ನ 10 ಎಂಎಲ್ ಮಾಡಿದ್ರೆ ಎಂಎಲ್‌ಗೆ 1 ಲಕ್ಷ, ಅದ್ರಲ್ಲಿ 1 ಎಂಎಲ್ ತಗೊಂಡು 9 ಎಂಎಲ್ ಸಲೈನ್ ಸೇರಿಸಿದ್ರೆ 10,000, ಅಷ್ಟೇ.

ಸೆಫ್ಟ್ರಿಯಾಕ್ಸೋನ್ ಐಎಂ (ಮಾಂಸಖಂಡಕ್ಕೆ ಕೊಡೋ) ಪ್ಯಾಕ್ ಜೊತೆ ಮರಗಟ್ಟಿಸೋ ಲಿಗ್ನೊಕೇನ್ ಬಂದಿದ್ರೆ ಅದನ್ನ ಪಕ್ಕಕ್ಕಿಡಿ, ಅದ್ರಲ್ಲಿ ಕಲಸಿದ್ರೆ ನೀವು ಎರಡು ಔಷಧಿ ಟೆಸ್ಟ್ ಮಾಡ್ದಂಗೆ. ರಿಂಗರ್ ಲ್ಯಾಕ್ಟೇಟ್ ಕೂಡ ಬೇಡ, ಅದ್ರಲ್ಲಿರೋ ಕ್ಯಾಲ್ಸಿಯಂ ಜೊತೆ ಸೆಫ್ಟ್ರಿಯಾಕ್ಸೋನ್ ಗರಣೆ ಕಟ್ಟುತ್ತೆ. ಎರಿಥ್ರೋಮೈಸಿನ್ ಲ್ಯಾಕ್ಟೊಬಯೊನೇಟನ್ನ ಮೊದಲೇ ಸಲೈನ್‌ನಲ್ಲಿ ಕರಗಿಸೋಕೆ ಹೋದ್ರೂ ಇದೇ ಕಥೆ, ಮೊದ್ಲು ಸ್ಟೆರೈಲ್ ವಾಟರ್, ಆಮೇಲೆ ಸಲೈನ್. ಕೋಟ್ರೈಮಾಕ್ಸಜೋಲ್‌ಗೆ 5% ಡೆಕ್ಸ್ಟ್ರೋಸ್ ಬೇಕು, ಹಾಗಾದ್ರೆ ನೆಗೆಟಿವ್ ಕಂಟ್ರೋಲ್ (ಹೋಲಿಕೆಗೆ ಕೊಡೋ, ಔಷಧಿ ಇಲ್ಲದ ದ್ರಾವಣ) ಕೂಡ ಅದೇ 5% ಡೆಕ್ಸ್ಟ್ರೋಸ್ ಆಗಿರ್ಬೇಕು, ಸಲೈನ್ ಅಲ್ಲ, ಇದನ್ನ ಬಹಳ ಜನ ಬಿಟ್ಬಿಡ್ತಾರೆ.

ಸೀರಿಯಲ್ ಡೈಲ್ಯೂಶನ್‌ಗೆ 1 ಎಂಎಲ್ ಔಷಧಿ 9 ಎಂಎಲ್ ಸಲೈನ್, ಪ್ರತಿ ಸಲ ಹತ್ತು ಪಟ್ಟು ಕಡಿಮೆ ಆಗುತ್ತೆ. ವ್ಯಾಂಕೋಮೈಸಿನ್ 50 ಇದ್ದದ್ದು 5, ಆಮೇಲೆ 0.5, 0.05, ನಾಲ್ಕನೇ ಸಲಕ್ಕೆ 0.005. ಪ್ರತಿ ಹಂತಕ್ಕೂ ಹೊಸ ಸಿರಿಂಜ್ ಹೊಸ ಸೂಜಿ, ಯಾಕಂದ್ರೆ ಹಳೇ ಸಿರಿಂಜ್‌ನ ತುದಿಯಲ್ಲಿ ಉಳಿದ ಒಂದು ಹನಿ ಸ್ಟ್ರಾಂಗ್ ಔಷಧಿ ಮುಂದಿನ ಹಂತದ ಲೆಕ್ಕಾನೇ ಕೆಡಿಸುತ್ತೆ. ತಲೆಕೆಳಗು ಮಾಡಿ ಚೆನ್ನಾಗಿ ಬೆರೆಸಿ, ತಕ್ಷಣ ಲೇಬಲ್ ಹಚ್ಚಿ, ಔಷಧಿ, ಬ್ಯಾಚ್ ನಂಬರ್, ಪ್ರಮಾಣ, ಟೈಮು. ಲಿವೋಫ್ಲಾಕ್ಸಾಸಿನ್‌ನಲ್ಲಿ ಎಚ್ಚರ ಇರ್ಲಿ, ಅಮೆರಿಕದ ಪಟ್ಟಿಯವರು ಎಂಎಲ್‌ಗೆ 25 ಎಂಜಿ ವಯಲ್‌ನಿಂದ ಸಾವಿರ ಪಟ್ಟು ಡೈಲ್ಯೂಟ್ ಮಾಡಿದ್ದು, ನಮ್ಮಲ್ಲಿ ಸಾಮಾನ್ಯವಾಗಿ ಸಿಗೋದು 100 ಎಂಎಲ್‌ಗೆ 500 ಎಂಜಿ ಬಾಟ್ಲಿ, ಅಂದ್ರೆ ಆಗ್ಲೇ 5 ಎಂಜಿ, ಅದನ್ನ 200 ಪಟ್ಟು ಮಾಡಿದ್ರೆ 0.025 ಬರುತ್ತೆ. ಎಷ್ಟು ಪಟ್ಟು ಅನ್ನೋದನ್ನ ಕಾಪಿ ಮಾಡ್ಬೇಡಿ, ಕೊನೆಗೆ ಎಂಎಲ್‌ಗೆ ಎಷ್ಟು ಎಂಜಿ ಅನ್ನೋದನ್ನ ಮಾತ್ರ ನೋಡಿ.

ಬೀಟಾ ಲ್ಯಾಕ್ಟಮ್‌ಗಳು (ಪೆನಿಸಿಲಿನ್, ಸೆಫಲೋಸ್ಪೋರಿನ್ ಗುಂಪಿನವು), ಅದ್ರಲ್ಲೂ ಆಂಪಿಸಿಲಿನ್ ಅಮಾಕ್ಸಿಸಿಲಿನ್ ಕರಗಿಸಿಟ್ರೆ ಬೇಗ ಹಾಳಾಗ್ತವೆ, ಬೆಳಿಗ್ಗೆ ಮಾಡಿಟ್ಟು ಸಂಜೆ ಒಪಿಡಿಗೆ ಉಪಯೋಗಿಸೋದು ಸರಿಯಲ್ಲ, ಮಾಡಿದ ಒಂದೆರಡು ಗಂಟೆಯೊಳಗೆ ಮುಗಿಸಿ. ಫ್ರಿಜ್‌ನಲ್ಲಿ ನಿನ್ನೇದು ಉಳಿದಿದೆ ಅಂದ್ರೆ ಚೆಲ್ಲಿ.

ಸಿರಿಂಜ್ ವಿಷಯ ಒಂಚೂರು ಜಾಸ್ತಿನೇ ಹೇಳ್ಬೇಕು

ಇಂಟ್ರಾಡರ್ಮಲ್‌ಗೆ ಕೊಡೋದು 0.02ರಿಂದ 0.05 ಎಂಎಲ್. ವಾರ್ಡ್‌ನ ಟೆಸ್ಟ್ ಡೋಸ್‌ನಲ್ಲಿ ಕೊಡೋ 0.1 ಎಂಎಲ್ ಅಂದ್ರೆ ಅದ್ರ ಎರಡರಿಂದ ಐದು ಪಟ್ಟು, ಬರೀ ಆ ನೀರಿನ ಒತ್ತಡಕ್ಕೇ ಚರ್ಮ ಎಷ್ಟೋ ಉಬ್ಬಿರುತ್ತೆ. 0.02 ಅಂತ ನಿಗದಿ ಮಾಡ್ಕೊಂಡ್ರೆ ಸ್ಟಡಿ ಮುಗಿಯೋವರೆಗೂ ಎಲ್ಲರಿಗೂ 0.02.

ಈಗ ನಮ್ಮ ಆಸ್ಪತ್ರೆಗಳಲ್ಲಿ ಕೈಗೆ ಸಿಗೋದು ಇನ್ಸುಲಿನ್ ಸಿರಿಂಜ್, ಅದ್ರಲ್ಲಿ ಎರಡು ಜಾತಿ ಇದೆ. ಯು-100 ಸಿರಿಂಜ್‌ನಲ್ಲಿ ಒಂದು ಯೂನಿಟ್ ಗೆರೆ ಅಂದ್ರೆ 0.01 ಎಂಎಲ್, ಯು-40ರಲ್ಲಿ ಒಂದು ಯೂನಿಟ್ 0.025 ಎಂಎಲ್. ಎರಡು ಯೂನಿಟ್ ಎಳೀರಿ ಅಂತ ಬಾಯಲ್ಲಿ ಹೇಳಿದ್ರೆ ಒಬ್ರು 0.02 ಎಳೀತಾರೆ, ಇನ್ನೊಬ್ರು 0.05 ಎಳೀತಾರೆ, ಎರಡೂವರೆ ಪಟ್ಟು ವ್ಯತ್ಯಾಸ, ಆಮೇಲೆ ರಿಸಲ್ಟ್ ಯಾಕೆ ಹೊಂದ್ತಿಲ್ಲ ಅಂತ ತಲೆ ಕೆಡಿಸ್ಕೊಂಡು ಕೂತ್ರೆ ಉತ್ತರ ಸಿಗಲ್ಲ. ಒಂದೇ ಥರದ ಸಿರಿಂಜನ್ನ ಇಡೀ ಸ್ಟಡಿಗೆ ಸಾಕಾಗುವಷ್ಟು ಒಟ್ಟಿಗೆ ತರಿಸಿ, ಬೇರೇದನ್ನ ಆ ರೂಮಿಂದಲೇ ತೆಗೆದ್ಬಿಡಿ. ಗಾಳಿ ಗುಳ್ಳೆ ಪೂರ್ತಿ ಹೊರಗೆ ಹಾಕಿ, ಗಾಳಿ ಒಳಗೆ ಹೋದ್ರೂ ಚರ್ಮ ಉಬ್ಬಿ ಸುಳ್ಳು ಪಾಸಿಟಿವ್ ಕೊಡುತ್ತೆ. ರಕ್ತ ಬಂದ್ರೆ, ಅಥವಾ ಗುಳ್ಳೆ ಏಳದೆ ಔಷಧಿ ಚರ್ಮದ ಕೆಳಗೆ ಹೋಯ್ತು ಅನ್ನಿಸಿದ್ರೆ, ಆ ಜಾಗ ಲೆಕ್ಕಕ್ಕಿಲ್ಲ, ಬೇರೆ ಕಡೆ ಮತ್ತೆ ಮಾಡಿ.

ಟೆಸ್ಟ್ ಮಾಡೋ ಕ್ರಮ

ಪಕ್ಕದಲ್ಲಿ ಅಡ್ರಿನಲಿನ್, ಆಕ್ಸಿಜನ್, ಐವಿ ಫ್ಲೂಯಿಡ್, ಬಿಪಿ ನೋಡೋ ಮೆಷಿನ್ ಇಲ್ಲದೆ ಶುರು ಮಾಡ್ಬೇಡಿ. ದೊಡ್ಡವರಿಗೆ 1:1000 ಅಡ್ರಿನಲಿನ್ 0.5 ಎಂಎಲ್, ತೊಡೆಯ ಹೊರಭಾಗದ ಮಾಂಸಖಂಡಕ್ಕೆ, ಇದನ್ನ ಗೋಡೆ ಮೇಲೆ ದೊಡ್ಡದಾಗಿ ಬರೆದು ಅಂಟಿಸಿ, ಯಾರು ಕೊಡ್ಬೇಕು ಅಂತಾನೂ ಮೊದಲೇ ತೀರ್ಮಾನ ಆಗಿರ್ಲಿ.

ಮೊದ್ಲು ಪ್ರಿಕ್ ಟೆಸ್ಟ್, ಅಂದ್ರೆ ಚರ್ಮದ ಮೇಲೆ ಹನಿ ಇಟ್ಟು ಅದ್ರ ಮೂಲಕ ಮೇಲ್ಮೇಲೆ ಚುಚ್ಚೋದು. ಮುಂಗೈ ಒಳಭಾಗದಲ್ಲಿ ಡೈಲ್ಯೂಟ್ ಮಾಡದ ಔಷಧಿ ಒಂದು ಹನಿ, ಎಂಎಲ್‌ಗೆ 10 ಎಂಜಿ ಹಿಸ್ಟಮಿನ್ ಪಾಸಿಟಿವ್ ಕಂಟ್ರೋಲ್ (ಎಲ್ಲರಿಗೂ ಉಬ್ಬಲೇಬೇಕಾದದ್ದು), ಸಲೈನ್ ನೆಗೆಟಿವ್, ಎರಡೆರಡು ಸೆಂ.ಮೀ. ದೂರ, ಒಂದೊಂದಕ್ಕೂ ಬೇರೆ ಲ್ಯಾನ್ಸೆಟ್. 15ರಿಂದ 20 ನಿಮಿಷಕ್ಕೆ ನೋಡಿ. ಹಿಸ್ಟಮಿನ್ ಜಾಗ 3 ಮಿ.ಮೀ. ಕೂಡ ಏಳ್ಲಿಲ್ಲ ಅಂದ್ರೆ ಆ ವ್ಯಕ್ತಿ ಇವತ್ತು ಬೇಡ, ಎಲ್ಲೋ ಆಂಟಿಹಿಸ್ಟಮಿನ್ ಒಳಗೆ ಹೋಗಿದೆ. ಔಷಧಿ ಜಾಗ ನೆಗೆಟಿವ್‌ಗಿಂತ 3 ಮಿ.ಮೀ. ಅಥವಾ ಜಾಸ್ತಿ ಎದ್ರೆ ಪ್ರಿಕ್‌ಗೂ ಡೈಲ್ಯೂಟ್ ಮಾಡ್ಬೇಕು ಅಂತ ಅರ್ಥ. ಹೆಚ್ಚಿನ ಔಷಧಿಗಳು ಪ್ರಿಕ್‌ನಲ್ಲಿ ತೊಂದ್ರೆ ಕೊಡಲ್ಲ, ತಲೆನೋವು ಇರೋದು ಇಂಟ್ರಾಡರ್ಮಲ್‌ನಲ್ಲಿ.

ಇಂಟ್ರಾಡರ್ಮಲ್‌ನ ಎರಡು ಸುತ್ತಲ್ಲಿ ಮಾಡಿ. ಮೊದಲ ಸುತ್ತು ಸ್ವಲ್ಪ ಜನರ ಮೇಲೆ, ಅತಿ ತೆಳುವಿನಿಂದ ಶುರು ಮಾಡಿ ಹತ್ತು ಪಟ್ಟಿನಂತೆ ಏರಿಸ್ತಾ ಹೋಗೋದು. ಸಾಮಾನ್ಯವಾಗಿ ಒಂದು ಹಂತದವರೆಗೂ ಎಲ್ಲರ ಚರ್ಮ ಸುಮ್ಮನಿರುತ್ತೆ, ಅದ್ರ ಮುಂದಿನ ಹಂತಕ್ಕೆ ಒಬ್ಬಿಬ್ಬರಿಗೆ ಉಬ್ಬುತ್ತೆ, ಅದ್ರಾಚೆ ಹೆಚ್ಚುಕಮ್ಮಿ ಎಲ್ಲರಿಗೂ. ಆ ಸುಮ್ಮನಿರೋ ಹಂತಕ್ಕೂ ಉಬ್ಬೋ ಹಂತಕ್ಕೂ ನಡುವೆ ಹತ್ತು ಪಟ್ಟಿನ ಗ್ಯಾಪ್ ಇದೆ, ಎಷ್ಟೋ ಜನ ಅಲ್ಲಿಗೇ ನಿಲ್ಲಿಸಿ ಕೆಳಗಿನ ಸಂಖ್ಯೇನೇ ಉತ್ತರ ಅಂತ ಬರೀತಾರೆ, ನನ್ನ ಪ್ರಕಾರ ಅದು ಅರ್ಧ ಕೆಲಸ. ಎರಡನೇ ಸುತ್ತಲ್ಲಿ ಆ ಗ್ಯಾಪನ್ನ ಎರಡು ಪಟ್ಟು ಮೂರು ಪಟ್ಟಿನ ಸಣ್ಣ ಮೆಟ್ಟಿಲು ಮಾಡಿ, 1 ಎಂಜಿ ಸುಮ್ಮನಿತ್ತು 10 ಎಂಜಿ ಉಬ್ತು ಅಂದ್ರೆ 2, 4, 8 ಹೀಗೆ ನೋಡಿ, ಜಾಸ್ತಿ ಜನರ ಮೇಲೆ. ಸೆಫಲೋಸ್ಪೋರಿನ್‌ಗಳು 2ರಿಂದ 20ಕ್ಕೆ ಹೋದ ಉದಾಹರಣೆ ನೆನಪಿಟ್ಕೊಳ್ಳಿ, ಕೆಳಗೇ ನಿಲ್ಲಿಸಿದ್ರೆ ನಿಜವಾದ ರೋಗಿಗಳು ಕೈ ತಪ್ತಾರೆ.

ಯಾವ ಸಿರಿಂಜ್‌ನಲ್ಲಿ ಏನಿದೆ ಅಂತ ಅಳೆಯೋರಿಗೆ ಗೊತ್ತಿರ್ಬಾರ್ದು. ಫಾರ್ಮಸಿಯವರು ಎ, ಬಿ, ಸಿ ಅಂತ ಕೋಡ್ ಹಾಕಿ ಕೊಡ್ಲಿ, ಅದ್ರಲ್ಲಿ ಒಂದು ಸಲೈನ್ ಇರ್ಲಿ. ಎರಡನೇ ಸುತ್ತಲ್ಲಿ ಜಾಗಾನೂ ಬದಲಾಯಿಸ್ತಾ ಇರಿ, ಮಣಿಕಟ್ಟಿನ ಹತ್ರದ ಚರ್ಮ ಮತ್ತು ಮೊಣಕೈ ಹತ್ರದ ಚರ್ಮ ಒಂದೇ ಥರ ಸ್ಪಂದಿಸಲ್ಲ. ಫ್ಲೇರ್‌ಗಳು (ಗುಳ್ಳೆ ಸುತ್ತ ಹರಡೋ ಕೆಂಪು) ಒಂದಕ್ಕೊಂದು ಸೇರದ ಹಾಗೆ ಸುಮಾರು 5 ಸೆಂ.ಮೀ. ಅಂತರ ಬಿಡಿ.

ಓದೋದು, ಅಳೆಯೋದು

ಚುಚ್ಚಿದ ತಕ್ಷಣ ಎದ್ದ ಗುಳ್ಳೆಯ ಅಂಚನ್ನ ತೆಳು ಪೆನ್ನಲ್ಲಿ ಗುರುತು ಮಾಡಿ ಅಳೀರಿ, 15ರಿಂದ 20 ನಿಮಿಷ ಆದ್ಮೇಲೆ ಮತ್ತೆ ಗುರುತು ಮಾಡಿ ಅಳೀರಿ. ಉದ್ದದ ಅಳತೆ, ಅದಕ್ಕೆ ಅಡ್ಡದ ಅಳತೆ, ಎರಡರ ಸರಾಸರಿ. ಮೊದಲಿನ ಗುಳ್ಳೆಗಿಂತ 3 ಮಿ.ಮೀ. ಅಥವಾ ಜಾಸ್ತಿ ಬೆಳೆದು ಸುತ್ತ ಫ್ಲೇರ್ ಕೂಡ ಇದ್ರೆ ಪಾಸಿಟಿವ್. ಬರೀ ಕೆಂಪು ಇದ್ದು ಉಬ್ಬದೇ ಇದ್ರೆ ಪಾಸಿಟಿವ್ ಅಲ್ಲ, ಹಾಗಂತ ಬಿಟ್ಬಿಡದೆ ಬೇರೆ ಕಾಲಂನಲ್ಲಿ ಬರ್ಕೊಳ್ಳಿ. ಚುಚ್ಚುವಾಗ ತುಂಬಾ ಉರೀತಾ ಅಂತಾನೂ ಕೇಳಿ ಬರೀರಿ, ಚುಚ್ಚಿದ ಕ್ಷಣದಲ್ಲೇ ಉರಿ ಅಂದ್ರೆ ಪಿಎಚ್ ತೊಂದ್ರೆ ಇರ್ಬಹುದು.

ನಮ್ಮ ಜನರ ಚರ್ಮದ ಬಣ್ಣಕ್ಕೆ ಒಂದು ವಿಶೇಷ ಎಚ್ಚರಿಕೆ ಬೇಕು. ಕಪ್ಪು ಮೈಬಣ್ಣದವರಲ್ಲಿ ಫ್ಲೇರ್ ಕಣ್ಣಿಗೆ ಕಾಣೋದೇ ಕಷ್ಟ, ಬಿಳೀ ಚರ್ಮದ ಫೋಟೋಗಳನ್ನ ನೋಡಿ ಕಲಿತಿದ್ರೆ ಇಲ್ಲಿ ಮೋಸ ಹೋಗ್ತೀರಿ. ಟಾರ್ಚ್ ಬೆಳಕನ್ನ ಪಕ್ಕದಿಂದ ಹಾಯಿಸಿದ್ರೆ ಉಬ್ಬಿದ ಅಂಚಿನ ನೆರಳು ಬೀಳುತ್ತೆ, ಬೆರಳ ತುದಿಯಿಂದ ಮೆಲ್ಲಗೆ ಸವರಿದ್ರೂ ಅಂಚು ಗೊತ್ತಾಗುತ್ತೆ. ಗುರುತಿನ ಮೇಲೆ ಪಾರದರ್ಶಕ ಟೇಪ್ ಅಂಟಿಸಿ ತೆಗೆದು ಕೇಸ್ ಶೀಟ್‌ಗೆ ಅಂಟಿಸಿದ್ರೆ ದಾಖಲೆಯೂ ಉಳಿಯುತ್ತೆ, ಇನ್ನೊಬ್ಬರು ಮತ್ತೆ ಅಳೆದು ನೋಡಬಹುದು.

ಟೆಸ್ಟ್ ಆದ್ಮೇಲೆ ಒಂದು ಗಂಟೆ ಕೂರಿಸ್ಕೊಳ್ಳಿ. 48 ಗಂಟೆಗೆ ಒಂದು ಸಲ ಮತ್ತೆ ಕರೆದು ನೋಡಿ, ಆಗ ಗಟ್ಟಿಯಾಗಿ ಕೆಂಪಗೆ ಊದಿದ್ರೆ ಅದೂ ಲೆಕ್ಕಕ್ಕೆ ಬರುತ್ತೆ, ಯಾಕಂದ್ರೆ ಮುಂದೆ ಇದೇ ಪ್ರಮಾಣವನ್ನ ನಿಧಾನದ ಅಲರ್ಜಿ ಹುಡುಕೋಕೂ ಬಳಸ್ತಾರೆ.

ಎಷ್ಟು ಜನ ಸಾಕು?

ಥೀಸಿಸ್‌ಗಳಲ್ಲಿ ನಂಗೆ ಜಾಸ್ತಿ ಬೇಜಾರಾಗೋ ಜಾಗ ಇದು. 20 ಜನಕ್ಕೆ ಮಾಡಿದ್ವಿ, ಒಬ್ಬರಿಗೂ ಆಗ್ಲಿಲ್ಲ, ಆದ್ದರಿಂದ ಸ್ಪೆಸಿಫಿಸಿಟಿ (ಅಲರ್ಜಿ ಇಲ್ಲದವರಲ್ಲಿ ಟೆಸ್ಟ್ ಸರಿಯಾಗಿ ನೆಗೆಟಿವ್ ಬರೋ ಶೇಕಡಾವಾರು) 100% ಅಂತ ಬರೆದ್ಬಿಡ್ತಾರೆ. 20ರಲ್ಲಿ ಸೊನ್ನೆ ಅಂದ್ರೆ ಚರ್ಮ ಕೆರಳೋರ ನಿಜವಾದ ಶೇಕಡಾವಾರು ಸೊನ್ನೆ ಅಂತ ಅಲ್ಲ. ಒಬ್ಬರಿಗೂ ಆಗದೇ ಇದ್ದಾಗ 3ನ್ನ ಜನರ ಸಂಖ್ಯೆಯಿಂದ ಭಾಗಿಸಿ, ಅದು 95% ನಂಬಿಕೆಯ ಮೇಲಿನ ಮಿತಿ ಹತ್ತಿರ ಹತ್ತಿರ. 3 ಭಾಗ 20 ಅಂದ್ರೆ 15%, ಸರಿಯಾಗಿ ಲೆಕ್ಕ ಹಾಕಿದ್ರೆ 14%. ಅಂದ್ರೆ ನಿಮ್ಮ ಪ್ರಮಾಣ ನೂರರಲ್ಲಿ 14 ಜನರ ಚರ್ಮ ಕೆರಳಿಸೋದಾದ್ರೂ 20 ಜನರ ಸ್ಟಡಿಯಲ್ಲಿ ಅದು ಕಾಣದೇ ಇರೋ ಸಾಧ್ಯತೆ ಇದೆ. 30 ಜನ ಆದ್ರೆ 10%, 60 ಜನರಲ್ಲಿ ಒಬ್ಬರಿಗೂ ಆಗದಿದ್ರೆ 5%. ಕನಿಷ್ಠ 95% ಸ್ಪೆಸಿಫಿಸಿಟಿ ಇದೆ ಅಂತ ಧೈರ್ಯವಾಗಿ ಹೇಳ್ಬೇಕು ಅಂದ್ರೆ 60 ಜನ ಬೇಕು ಅಂತಾಯ್ತು. ಒಂದೇ ಕಾಲೇಜಲ್ಲಿ ಅಷ್ಟು ಜನ ಸಿಗಲ್ಲ ಅಂದ್ರೆ ಎರಡು ಮೂರು ಕಾಲೇಜು ಸೇರಿ ಒಂದೇ ಪ್ರೊಟೋಕಾಲ್ ಇಟ್ಕೊಂಡು ಮಾಡಿ, ಅದಾಗಲ್ಲ ಅಂದ್ರೆ ಸಿಕ್ಕಷ್ಟು ಜನರ ಮೇಲೆ ಮಾಡಿ ಆ ಮೇಲಿನ ಮಿತಿಯನ್ನ ಮುಚ್ಚಿಡದೆ ಬರೀರಿ. ಇನ್ನೊಂದು, ಒಬ್ಬರ ಎರಡು ಕೈಗೂ ಮಾಡಿ ಇಬ್ಬರು ಅಂತ ಲೆಕ್ಕ ಹಾಕೋ ಹಾಗಿಲ್ಲ.

ಸಂಖ್ಯೆ ಸಿಕ್ತು, ಮುಂದೆ?

ಆರೋಗ್ಯವಂತರಲ್ಲಿ ಸಿಕ್ಕ ಸಂಖ್ಯೆ ಅಂದ್ರೆ ಮೇಲಿನ ಮಿತಿ ಮಾತ್ರ. ನಿಜವಾದ ರೋಗಿ ಬಂದಾಗ, ಅದ್ರಲ್ಲೂ ಹಿಂದೆ ಬಿಪಿ ಬಿದ್ದು ಐಸಿಯು ಸೇರಿದ್ದೋರಾದ್ರೆ, ಅದ್ರ ಸಾವಿರದ ಒಂದು ಭಾಗದಿಂದ ಶುರು ಮಾಡಿ ಮೆಟ್ಟಿಲು ಮೆಟ್ಟಿಲಾಗಿ ಮೇಲೆ ಬರ್ಬೇಕು. ರಿಯಾಕ್ಷನ್ ಆಗಿ 4ರಿಂದ 6 ವಾರ ಕಳೆದ ಮೇಲೆ ಮಾಡೋದು ಒಳ್ಳೇದು, ವರ್ಷಗಟ್ಟಲೆ ಬಿಟ್ರೆ ಚರ್ಮದ ಪ್ರತಿಕ್ರಿಯೆ ಮಾಸ್ತಾ ಹೋಗುತ್ತೆ. ಸ್ಟೀವನ್ಸ್ ಜಾನ್ಸನ್ ಸಿಂಡ್ರೋಮ್, ಡ್ರೆಸ್ (DRESS) ಸಿಂಡ್ರೋಮ್ ಥರದ ಚರ್ಮ ಕಳಚೋ, ಒಳಗಿನ ಅಂಗಗಳಿಗೆ ಪೆಟ್ಟು ಬೀಳೋ ರಿಯಾಕ್ಷನ್ ಆಗಿದ್ರೆ ಇಂಟ್ರಾಡರ್ಮಲ್‌ಗೆ ಕೈ ಹಾಕ್ಬೇಡಿ. ಟೆಸ್ಟ್ ನೆಗೆಟಿವ್ ಬಂದ್ರೂ ಅಲ್ಲಿಗೆ ಮುಗೀಲಿಲ್ಲ, ತಜ್ಞರ ಕಣ್ಣೆದುರು ಔಷಧಿಯನ್ನ ಹಂತ ಹಂತವಾಗಿ ಕೊಟ್ಟು ನೋಡೋ ಪ್ರೊವೊಕೇಶನ್ ಟೆಸ್ಟ್ ಆದ್ಮೇಲೇ ಅಲರ್ಜಿ ಇಲ್ಲ ಅಂತ ಬರೆಯೋದು. ಕ್ವಿನೊಲೋನ್‌ಗಳಲ್ಲಂತೂ ಸ್ಕಿನ್ ಟೆಸ್ಟನ್ನ ಅಷ್ಟು ನಂಬೋ ಹಾಗೇ ಇಲ್ಲ.

ಹಾಗೇ, ಯಾವತ್ತೂ ಅಲರ್ಜಿ ಆಗದ ಪ್ರತಿಯೊಬ್ಬರಿಗೂ ಇಂಜೆಕ್ಷನ್ ಮುಂಚೆ ಟೆಸ್ಟ್ ಮಾಡೋಕೆ ಈ ಸಂಖ್ಯೆ ಅಲ್ಲ. ದಶಕಗಳಿಂದ ಎಲ್ಲರಿಗೂ ಸ್ಕಿನ್ ಟೆಸ್ಟ್ ಮಾಡ್ತಿದ್ದ ಚೀನಾ ಕೂಡ 2021ರ ಮಾರ್ಗಸೂಚಿಯಲ್ಲಿ ಸೆಫಲೋಸ್ಪೋರಿನ್‌ಗೆ ಮುಂಚಿತವಾಗಿ ಸುಮ್ನೆ ಮಾಡೋದು ಬೇಡ ಅಂತ ಹೇಳ್ತು. ಇತಿಹಾಸ ಚೆನ್ನಾಗಿ ಕೇಳೋದು, ಅನುಮಾನ ಇದ್ದೋರಿಗೆ ಮಾತ್ರ ಸರಿಯಾದ ಪ್ರಮಾಣದಲ್ಲಿ ಟೆಸ್ಟ್ ಮಾಡೋದು, ನಮ್ಮ ವಾರ್ಡ್‌ಗಳಿಗೂ ಇದು ಬರ್ಬೇಕು.

ರಿಪೋರ್ಟ್ ಬರೆಯುವಾಗ ಪಾಸಿಟಿವ್ ನೆಗೆಟಿವ್ ಅಂತ ಒಂದು ಪದ ಬರೆದು ಬಿಡ್ಬೇಡಿ. ಯಾವ ಔಷಧಿ, ಯಾವ ಬ್ರಾಂಡ್, ಎಂಎಲ್‌ಗೆ ಎಷ್ಟು ಎಂಜಿ, ಎಷ್ಟು ಎಂಎಲ್ ಕೊಟ್ರಿ, ಗುಳ್ಳೆ ಎಷ್ಟಿತ್ತು ಎಷ್ಟಾಯ್ತು, ಹಿಸ್ಟಮಿನ್ ಮತ್ತು ಸಲೈನ್ ಎಷ್ಟು, ಇಷ್ಟೂ ಇದ್ರೆ ಮಾತ್ರ ಮುಂದಿನ ಡಾಕ್ಟರಿಗೆ ಅದು ಉಪಯೋಗಕ್ಕೆ ಬರುತ್ತೆ. ಆಸ್ಪತ್ರೆಯವರು ಟೆಂಡರ್ ಬದಲಾಗಿ ಬೇರೆ ಕಂಪನಿ ಇಂಜೆಕ್ಷನ್ ತರಿಸಿದ್ರೆ ಲೇಬಲ್‌ನಲ್ಲಿ ಒಳಗಿನ ಸಾಮಗ್ರಿ ಬದಲಾಗಿದೆಯಾ ನೋಡಿ, ಬದಲಾಗಿದ್ರೆ ಹೊಸ ಬ್ರಾಂಡನ್ನ ಮೊದ್ಲು ಕೆಲವು ಆರೋಗ್ಯವಂತರ ಮೇಲೆ ಅದೇ ಪ್ರಮಾಣದಲ್ಲಿ ಮತ್ತೆ ಪರೀಕ್ಷೆ ಮಾಡಿ, ಆಮೇಲೆ ರೋಗಿಗಳಿಗೆ ಬಳಸಿ.